ಮಿಟ್ಟೆನ್‌ವಾಲ್ಡ್ ಲಾಂಛನದ ಕಿರೀಟಧಾರಿ

ಜರ್ಮನಿಯ ದಕ್ಷಿಣ ತುದಿಯಲ್ಲಿ, ಆಲ್ಪ್ಸ್ ಬೆಟ್ಟಗಳ ಮಡಿಲಲ್ಲಿ, ಇಸಾರ್ ನದಿಯ ದಂಡೆಗಿರುವ ಬವೇರಿಯಾದ ಪೇಟೆಯೂರು ಮಿಟ್ಟೆನ್‌ವಾಲ್ಡ್. ‘ಮಾರ್ಕ್ಟ್’ ಎಂಬುದು ಇಂದಿಗೂ ಅದರ ಅಧಿಕೃತ ಬಿರುದು. ಒಂದು ಕಾಲಕ್ಕೆ ಸಂತೆ ನಡೆಸುವ ಹಕ್ಕನ್ನು ತಂದುಕೊಡುತ್ತಿದ್ದ ಈ ಬಿರುದು ಈಗ ಹೆಸರಿನ ಹಿಂದಿನ ಅಲಂಕಾರವಷ್ಟೆ. ಊರಿನ ಲಾಂಛನದಲ್ಲಿರುವುದು ಕಿರೀಟ ತೊಟ್ಟ ಕಪ್ಪುವರ್ಣದ ಮನುಷ್ಯನ ತಲೆ.

ಹಿಮ ಬೀಳುವ ಈ ಕಣಿವೆಗೆ ಅದು ಬಂದದ್ದು ಜಮೀನುದಾರಿಕೆಯ ಗುರುತಾಗಿ. ಮಿಟ್ಟೆನ್‌ವಾಲ್ಡ್ ಸೇರಿದ್ದ ವೆರ್ಡೆನ್‌ಫೆಲ್ಸ್ ಸೀಮೆಯನ್ನು 1294ರಲ್ಲಿ ಫ್ರೈಸಿಂಗ್‌ನ ಬಿಷಪ್ ಎಮಿಖೊ ಕೊಂಡರು. ‘ಫ್ರೈಸಿಂಗ್‌ನ ಮೋರ್’ (ಮೋರ್ ಎಂದರೆ ಕಪ್ಪುವರ್ಣದವನಿಗೆ ಹಳೆಯ ಹೆಸರು) ಎನಿಸಿಕೊಂಡ ಈ ತಲೆ ಆ ಧರ್ಮಪೀಠದ ಮುದ್ರೆ. 1316ರ ಹೊತ್ತಿಗೆ, ಬಿಷಪ್ ಮೂರನೆಯ ಕೊನ್ರಾಡ್ ಕಾಲದಲ್ಲಿ, ಅದು ಕಿರೀಟದೊಂದಿಗೆ ಕಾಣಿಸುತ್ತದೆ. ಮುಖ ತಿರುಗಿರುವುದು ನೋಡುವವರ ಎಡಕ್ಕೆ. ಆದರೆ ಲಾಂಛನಶಾಸ್ತ್ರ ಅದನ್ನು ಬಲ ಎನ್ನುತ್ತದೆ. ಅಲ್ಲಿ ಎಡಬಲಗಳ ಲೆಕ್ಕ ಗುರಾಣಿ ಹಿಡಿದವನದು.

ಈ ಕಿರೀಟಧಾರಿ ಯಾರು ಎಂಬುದಕ್ಕೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಕಥೆಗಳಿಗೆ ಬರವೂ ಇಲ್ಲ. ಫ್ರೈಸಿಂಗ್‌ನದೇ ಆಸ್ತಿಯಾಗಿದ್ದ, ಈಗ ಸ್ಲೊವೇನಿಯಾದಲ್ಲಿರುವ ಷ್ಕೋಫಿಯಾ ಲೋಕಾ ಪಟ್ಟಣದ ಲಾಂಛನದಲ್ಲೂ ಇದೇ ತಲೆ. ಕಾಡುದಾರಿಯಲ್ಲಿ ಅಡ್ಡಬಂದ ಕರಡಿಯನ್ನು ಬಿಷಪ್ ಅಬ್ರಹಾಮನ ಕಪ್ಪು ಸೇವಕ ಬಾಣ ಹೂಡಿ ಕೊಂದನೆಂದೂ, ಉಪಕಾರ ಮರೆಯದ ಬಿಷಪ್ ಅವನನ್ನು ಲಾಂಛನಕ್ಕೇರಿಸಿದನೆಂದೂ ಅಲ್ಲಿಯವರು ಹೇಳುತ್ತಾರೆ. ಕಥೆ ಸೊಗಸಾಗಿದೆ, ದಾಖಲೆಯ ಬಲ ಮಾತ್ರ ಇಲ್ಲ.

ಬಿಷಪ್ಪರ ಆಳ್ವಿಕೆಯಲ್ಲೇ, 1487ರಲ್ಲಿ, ವೆನಿಸ್ ವರ್ತಕರು ತಮ್ಮ ಸಂತೆಯನ್ನು ಬೋಟ್ಸೆನ್ ಪಟ್ಟಣದಿಂದ ಮಿಟ್ಟೆನ್‌ವಾಲ್ಡ್‌ಗೆ ತಂದರು. ಗಾಡಿಯಲ್ಲಿ ಬಂದ ಸರಕು ಇಲ್ಲಿ ತೆಪ್ಪವೇರಿ ಇಸಾರ್ ಗುಂಟ ಮ್ಯೂನಿಕ್‌ಗೆ ತೇಲುತ್ತಿತ್ತು. 1679ರಲ್ಲಿ ಸಂತೆ ಮರಳಿ ಹೋಯಿತು. ಮುಂದೆ ಊರಿನ ಕೈಹಿಡಿದದ್ದು ಮಥಿಯಾಸ್ ಕ್ಲೋಟ್ಸ್ ನೆಲೆಗೊಳಿಸಿದ ಪಿಟೀಲು ತಯಾರಿಕೆ. 19ನೇ ಶತಮಾನದ ಆರಂಭದಲ್ಲಿ ಬವೇರಿಯಾ ಈ ಸೀಮೆಯನ್ನು ನುಂಗಿಕೊಂಡು ಬಿಷಪ್ಪರ ಆಳ್ವಿಕೆ ಮುಗಿದರೂ ಅವರ ಗುರುತು ಅಳಿಯಲಿಲ್ಲ.

 

ಅದೇ ಬವೇರಿಯಾದ ಕೋಬುರ್ಗ್ ನಗರದ ಲಾಂಛನದಲ್ಲಿರುವ ‘ಮೋರ್’ ಬೇರೆಯವನು, ಸಂತ ಮಾರಿಸ್. 1934ರಲ್ಲಿ ನಾಜಿಗಳು ಅವನನ್ನು ಕಿತ್ತು, ಹಿಡಿಯಲ್ಲಿ ಸ್ವಸ್ತಿಕವಿದ್ದ ಕತ್ತಿಯನ್ನು ಕೂರಿಸಿದರು. 1945ರಲ್ಲಿ ಸಂತ ಮರಳಿದ. ‘ಮೋರ್’ ಎಂಬ ಪದವೇ ಇಂದು ಹಲವರಿಗೆ ಅವಮಾನಕರ. 2020ರಲ್ಲಿ ಆ ಚಿತ್ರವನ್ನು ಕೈಬಿಡಬೇಕೆಂಬ ಬೇಡಿಕೆ ಎದ್ದಿತು. ಕೋಬುರ್ಗ್ ಲಾಂಛನ ಬದಲಿಸಲಿಲ್ಲ.