ಪಟ್ಟಾಭಿಷೇಕಕ್ಕೆ ಮುಗಿಯದ ಕಥೆ

1988ರ ಜುಲೈ 31, ಭಾನುವಾರ. ರಮಾನಂದ ಸಾಗರರ ‘ರಾಮಾಯಣ’ ಧಾರಾವಾಹಿಯ 78ನೆಯ ಕಂತು ದೂರದರ್ಶನದಲ್ಲಿ ಪ್ರಸಾರವಾಯಿತು. ರಾಮನಾಗಿ ಅರುಣ್ ಗೋವಿಲ್ ಸಿಂಹಾಸನವೇರಿದರು, ಪಕ್ಕದಲ್ಲಿ ಸೀತೆಯಾಗಿ ದೀಪಿಕಾ ಚಿಖಲಿಯಾ. ವನವಾಸ ಕಳೆದಿತ್ತು, ರಾವಣ ಸತ್ತಿದ್ದ, ಭರತ ಕಾದದ್ದು ಸಾರ್ಥಕವಾಗಿತ್ತು. 1987ರ ಜನವರಿ 25ರಿಂದ ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ದೇಶ ಟಿವಿ ಮುಂದೆ ಕೂತು ನೋಡಿದ್ದ ಕಥೆಗೆ ಅಂದು ಮಂಗಳ ಹಾಡಿದ್ದಾಯಿತು. ಒಂದು ಧಾರಾವಾಹಿ ಮುಗಿಯಬೇಕಾದರೆ ಏನೇನಿರಬೇಕೋ ಅದೆಲ್ಲವೂ ಆ ಕಂತಿನಲ್ಲಿತ್ತು.

ಆದರೂ ಅದು ಕೊನೆಯಾಗಲಿಲ್ಲ. ಕೆಲವು ತಿಂಗಳ ನಂತರ ಅದೇ ನಟರು, ಅದೇ ಅಯೋಧ್ಯೆ, ಅದೇ ನಿರ್ದೇಶಕರೊಂದಿಗೆ ಕಥೆ ಮತ್ತೆ ಶುರುವಾಯಿತು. ‘ಲವ ಕುಶ’, ‘ಉತ್ತರ ರಾಮಾಯಣ’ ಎಂಬ ಎರಡು ಹೆಸರುಗಳಿಂದ ಜನ ಇಂದಿಗೂ ಗುರುತಿಸುವ ಭಾಗ ಅದು. ಹೀಗೆ ಮಂಗಳ ಹಾಡಿದ ಕಥೆಯನ್ನು ಮತ್ತೆ ತೆರೆಸಿದವರು ಯಾರು ಎಂಬುದು ನನ್ನ ಪ್ರಶ್ನೆಯಾಗಿತ್ತು.

ಉತ್ತರ ಮೊದಲು ಸಿಕ್ಕಿದ್ದು ರಾಮಾಯಣಗಳ ವೈವಿಧ್ಯದ ಬಗ್ಗೆ ಪೌಲಾ ರಿಚ್‌ಮನ್ ಸಂಪಾದಿಸಿದ, 1991ರಲ್ಲಿ ಹೊರಬಂದ ‘ಮೆನಿ ರಾಮಾಯಣಾಸ್’ ಸಂಕಲನದಲ್ಲಿ. ನಮ್ಮ ಎ. ಕೆ. ರಾಮಾನುಜನ್ ಅವರ ‘ಮುನ್ನೂರು ರಾಮಾಯಣಗಳು’ ಪ್ರಬಂಧ ಇರುವುದರಿಂದ ಕನ್ನಡಿಗರು ಆ ಪುಸ್ತಕವನ್ನು ಹೆಚ್ಚಾಗಿ ಬಲ್ಲರು. ಅದರ ಪೀಠಿಕೆಯಲ್ಲೇ ವಿಷಯ ಬರುತ್ತದೆ: ಧಾರಾವಾಹಿ ಉತ್ತರಕಾಂಡವನ್ನು ತೋರಿಸದೆ ಮುಗಿಯಲಿದೆ ಎಂದು ತಿಳಿದ ಜಲಂಧರದ ಪೌರಕಾರ್ಮಿಕರು ಕೆಲಸ ನಿಲ್ಲಿಸಿದರು. ಮುಷ್ಕರ ಉತ್ತರ ಭಾರತದ ಬೇರೆ ದೊಡ್ಡ ನಗರಗಳಿಗೂ ಹಬ್ಬಿತು. ಕಸ ಕೊಳೆತು ರೋಗ ಹರಡೀತೆಂಬ ಭಯದಿಂದ ಸರ್ಕಾರ ಉಳಿದ ಕಂತುಗಳಿಗೆ ಒಪ್ಪಿತು. ಆ ಮಳೆಗಾಲದಲ್ಲಿ ಯಮುನೆಯಾಚೆಯ ದೆಹಲಿಯಲ್ಲಿ ಕಾಲರಾ ಎದ್ದಿತ್ತು ಎಂಬುದನ್ನು ನೆನೆದರೆ ಈ ಭಯ ಎಷ್ಟು ನಿಜವಾಗಿದ್ದಿರಬೇಕು ಎಂದು ತಿಳಿಯುತ್ತದೆ.

ಈ ಘಟನೆಯನ್ನು ಆಮೇಲೆ ಬರೆದವರಲ್ಲಿ ಹಲವರು ಇದನ್ನೊಂದು ವಿಚಿತ್ರ ಸುದ್ದಿಯಂತೆ ಹೇಳಿ ಮುಂದೆ ಹೋಗುತ್ತಾರೆ. ಟಿವಿಗೆ ಹಾರ ಹಾಕಿದರು, ಊದುಬತ್ತಿ ಹಚ್ಚಿದರು, ಕಸ ಗುಡಿಸುವವರು ಮುಷ್ಕರ ಹೂಡಿದರು ಎಂದು ಎಲ್ಲವೂ ಒಂದೇ ಸಾಲಿನಲ್ಲಿ. ಅದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕಥೆ ಎಲ್ಲಿಗೆ ಮುಗಿಯುತ್ತದೆ ಎಂಬ ವಾದದಲ್ಲಿ ಆ ಪೌರಕಾರ್ಮಿಕರು ಒಂದು ಪಕ್ಷ ಹಿಡಿದಿದ್ದರು. ಆ ಪಕ್ಷಕ್ಕೆ ಆಧಾರವಿದೆಯೇ ಎಂದು ಯಾರಾದರೂ ಗ್ರಂಥ ತೆರೆದು ನೋಡಬೇಕಿತ್ತು.

ಧಾರಾವಾಹಿಯ ಚರಿತ್ರೆಗೆ ನಾನು ಹೆಚ್ಚು ನೆಚ್ಚಿದ್ದು ಫಿಲಿಪ್ ಲುಟ್ಗೆಂಡಾರ್ಫ್ ಅವರನ್ನು. ತುಲಸೀದಾಸರ ‘ರಾಮಚರಿತಮಾನಸ’ ಜನರ ಬಾಯಲ್ಲಿ ಹೇಗೆ ಬದುಕಿದೆ ಎಂದು ಅಧ್ಯಯನ ಮಾಡಿದ ವಿದ್ವಾಂಸರು ಅವರು. 1990ರಲ್ಲಿ ‘ದಿ ಡ್ರಾಮಾ ರಿವ್ಯೂ’ ಪತ್ರಿಕೆಯಲ್ಲಿ ಈ ಧಾರಾವಾಹಿಯ ಬಗ್ಗೆ ದೀರ್ಘ ಲೇಖನ ಬರೆದರು. ಅಲ್ಲಿಂದ ತಿಳಿಯುವ ಒಂದು ಸಂಗತಿ ಮುಖ್ಯವಾದದ್ದು. ಮೊದಲು ಮಂಜೂರಾಗಿದ್ದುದು 52 ಕಂತುಗಳು ಮಾತ್ರ. ಜನರ ಒತ್ತಾಯಕ್ಕೆ ಮೂರು ಬಾರಿ ವಿಸ್ತರಿಸಿ ಅದು 78ಕ್ಕೆ ಮುಟ್ಟಿತು. ಅಂದರೆ ಜಲಂಧರದಲ್ಲಿ ಪೊರಕೆ ಕೆಳಗಿಡುವ ಹೊತ್ತಿಗೆ, ಜನ ಕೇಳಿದರೆ ಈ ಕಥೆಯ ಕೊನೆ ಮುಂದಕ್ಕೆ ಹೋಗುತ್ತದೆ ಎಂಬುದನ್ನು ದೇಶ ಮೂರು ಸಲ ಕಂಡಿತ್ತು. ದೂರದರ್ಶನ ಬಿಟ್ಟರೆ ಬೇರೆ ಚಾನೆಲ್ ಇಲ್ಲದ, ಆ ದೂರದರ್ಶನವೂ ಸರ್ಕಾರದ ಕೈಯಲ್ಲಿದ್ದ ಕಾಲ. ಕೇಳುವುದಿದ್ದರೆ ಸರ್ಕಾರವನ್ನೇ ಕೇಳಬೇಕು. ನಗರಸಭೆಯ ಕೆಲಸಗಾರರ ಕೈಯಲ್ಲಿ ಕೇಳುವುದಕ್ಕೆ ಇದ್ದ ದಾರಿ ಮುಷ್ಕರ.

ಮುಷ್ಕರ ಹೂಡಿದ ಇವರು ವಾಲ್ಮೀಕಿ ಸಮುದಾಯದವರು. ಅವರು ಯಾರು ಎಂಬುದನ್ನು ಕರ್ನಾಟಕದ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ವಾಲ್ಮೀಕಿ ಸಮುದಾಯ ಎಂದರೆ ನಾಯಕರು, ಬೇಡರು. ಪರಿಶಿಷ್ಟ ಪಂಗಡಕ್ಕೆ ಸೇರಿದವರು. ಪಂಜಾಬ್, ದೆಹಲಿ, ಉತ್ತರ ಪ್ರದೇಶಗಳಲ್ಲಿ ವಾಲ್ಮೀಕಿ ಅಥವಾ ಬಾಲ್ಮೀಕಿ ಎಂದು ಕರೆದುಕೊಳ್ಳುವವರು ಬೇರೆ. ಜಾತಿವ್ಯವಸ್ಥೆ ತಲೆಮಾರುಗಳಿಂದ ಕಸ, ಮಲ ಎತ್ತುವ ಕೆಲಸಕ್ಕೆ ಕಟ್ಟಿಹಾಕಿದ ದಲಿತರು ಅವರು. ಎರಡೂ ಸಮುದಾಯಗಳಿಗೆ ಆದಿಕವಿಯೇ ಮೂಲಪುರುಷ. ಉತ್ತರದವರಿಗೆ ಆತ ಭಗವಾನ್ ವಾಲ್ಮೀಕಿ, ಮಂದಿರದಲ್ಲಿ ಪೂಜೆಗೊಳ್ಳುವ ಗುರು. ರಾಮಾಯಣ ಅವರ ಮಟ್ಟಿಗೆ ತಮ್ಮ ಗುರು ಬರೆದ ಕಾವ್ಯ. ಆ ಗುರುವೇ ಪಾತ್ರವಾಗಿ ರಂಗಕ್ಕೆ ಬರುವುದು ಪಟ್ಟಾಭಿಷೇಕದ ಆಚೆಗೆ.

ಸಾಗರರ ಪಕ್ಷಕ್ಕೂ ಆಧಾರ ಕಡಿಮೆಯಿಲ್ಲ. ಅವರು ಮುಖ್ಯವಾಗಿ ಹಿಡಿದದ್ದು ತುಲಸೀದಾಸರ ದಾರಿ. ‘ಮಾನಸ’ದಲ್ಲಿ ಉತ್ತರಕಾಂಡವೇನೋ ಇದೆ. ಆದರೆ ಅಲ್ಲಿರುವುದು ರಾಮರಾಜ್ಯದ ವರ್ಣನೆ, ಕಾಕಭುಶುಂಡಿ ಗರುಡನಿಗೆ ಹೇಳುವ ಭಕ್ತಿಯ ಮಾತು. ಸೀತೆಗೆ ಲವ, ಕುಶ ಎಂಬ ಇಬ್ಬರು ಮಕ್ಕಳಾದರು ಎಂಬುದು ಒಂದೆರಡು ಸಾಲಿನಲ್ಲಿ ಮುಗಿಯುತ್ತದೆ. ಅವಳನ್ನು ಕಾಡಿಗೆ ಕಳಿಸಿದ ಸುದ್ದಿಯನ್ನೇ ತುಲಸೀದಾಸರು ಎತ್ತುವುದಿಲ್ಲ. ಮಹಾಭಾರತದೊಳಗಿನ ರಾಮೋಪಾಖ್ಯಾನವೂ ರಾಮ ಮರಳಿ ಬಂದು ರಾಜನಾಗಿ ಅಶ್ವಮೇಧ ಮಾಡಿದ ಎನ್ನುವಲ್ಲಿಗೆ ನಿಲ್ಲುತ್ತದೆ. ಕನ್ನಡದಲ್ಲಿ ಕುಮಾರ ವಾಲ್ಮೀಕಿಯ ತೊರವೆ ರಾಮಾಯಣಕ್ಕೂ, 1949ರಲ್ಲಿ ಬಂದ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ಗೂ ಪಟ್ಟಾಭಿಷೇಕವೇ ಕೊನೆ. ನಮ್ಮ ಮನೆಗಳ ಪಾರಾಯಣವೂ ಹಾಗೆಯೇ. ಪಟ್ಟಾಭಿಷೇಕದ ಸರ್ಗ ಓದಿ, ಪಾನಕ ಕೋಸಂಬರಿ ಹಂಚಿದರೆ ಆಯಿತು. ಉತ್ತರಕಾಂಡವನ್ನು ಓದುವ ರೂಢಿ ಸಾಮಾನ್ಯವಾಗಿ ಇಲ್ಲ.

ಇನ್ನೂ ಗಟ್ಟಿಯಾದ ಸಾಕ್ಷ್ಯ ವಾಲ್ಮೀಕಿಯ ಗ್ರಂಥದಲ್ಲೇ ಇದೆ. ಪ್ರಚಲಿತ ಪಾಠದಲ್ಲಿ ಯುದ್ಧಕಾಂಡದ 128ನೆಯ ಸರ್ಗ ತೆರೆದರೆ ಪಟ್ಟಾಭಿಷೇಕವಾದ ಮೇಲೆ ರಾಮರಾಜ್ಯದ ವರ್ಣನೆ, ಅದರ ಹಿಂದೆಯೇ ಫಲಶ್ರುತಿ. ಈ ಆದಿಕಾವ್ಯವನ್ನು ಕೇಳಿದವರಿಗೆ ಆಯುಸ್ಸು, ಯಶಸ್ಸು, ಸಂತಾನ ಎಂದು ಹರಸುವ ಶ್ಲೋಕಗಳು. ಫಲಶ್ರುತಿ ಬಂತೆಂದರೆ ಕೃತಿ ಮುಗಿಯಿತೆಂದು ಅರ್ಥ. ಪುಟ ತಿರುವಿದರೆ ಮತ್ತೊಂದು ಕಾಂಡ! ಹರ್ಮನ್ ಯಾಕೋಬಿ 1893ರಲ್ಲೇ ಬಾಲಕಾಂಡದ ಬಹುಭಾಗ ಮತ್ತು ಉತ್ತರಕಾಂಡ ನಂತರದ ಸೇರ್ಪಡೆ ಎಂದು ವಾದಿಸಿದರು, ಬಹುಪಾಲು ವಿದ್ವಾಂಸರು ಒಪ್ಪಿದರು. ಕೊನೆಯೆಂದು ಕಂಡ ಕಂತು ಕೊನೆಯಾಗದೆ ಹೋದದ್ದು ದೂರದರ್ಶನದಲ್ಲಿ ಮೊದಲ ಸಲವೇನಲ್ಲ ಎಂದು ನನಗೆ ಅನ್ನಿಸಿದ್ದು ಇಲ್ಲಿ. ಎರಡು ಸಾವಿರ ವರ್ಷಗಳಷ್ಟು ಹಿಂದೆ ಇದೇ ಜಾಗದಲ್ಲಿ, ಇದೇ ಪಟ್ಟಾಭಿಷೇಕದ ನಂತರ, ಮಂಗಳ ಹಾಡಿದ ಕಥೆಯನ್ನು ಯಾರೋ ಮತ್ತೆ ತೆರೆದಿದ್ದರು.

ಹಾಗಾದರೆ ಮುಷ್ಕರ ಹೂಡಿದವರ ಆಧಾರ? ಅದು ಕೊನೆಯಲ್ಲಿಲ್ಲ, ಮೊದಲಿನಲ್ಲಿದೆ. ಬಾಲಕಾಂಡದ ಆರಂಭದ ಸರ್ಗಗಳಲ್ಲಿ ನಾರದ ಕಥೆ ಹೇಳುತ್ತಾನೆ, ಕ್ರೌಂಚದ ಕೊಲೆ ಕಂಡು ವಾಲ್ಮೀಕಿಯ ಬಾಯಿಂದ ಶ್ಲೋಕ ಹೊರಡುತ್ತದೆ, ಬ್ರಹ್ಮ ಬಂದು ಕಾವ್ಯ ಬರೆಯೆನ್ನುತ್ತಾನೆ. ಮೂರನೆಯ ಸರ್ಗದಲ್ಲಿ ಮುಂದೆ ಬರಲಿರುವ ಪ್ರಸಂಗಗಳ ಪಟ್ಟಿಯಿದೆ. ಸೀತೆಯನ್ನು ಕಳಿಸಿಬಿಟ್ಟದ್ದೂ ಆ ಪಟ್ಟಿಯಲ್ಲಿದೆ. ನಾಲ್ಕನೆಯದು ಆರು ಕಾಂಡ ಮತ್ತು ಉತ್ತರ ಎಂದೇ ಎಣಿಸುತ್ತದೆ. ಅಲ್ಲಿ ವಾಲ್ಮೀಕಿ ಕಾವ್ಯವನ್ನು ಕಲಿಸುವುದು ಆಶ್ರಮದ ಇಬ್ಬರು ಹುಡುಗರಿಗೆ. ಕುಶಲವರು ಹಾಡುತ್ತಾರೆ, ಅವರು ತನ್ನ ಮಕ್ಕಳೆಂದು ತಿಳಿಯದ ರಾಮ ಕೂತು ಕೇಳುತ್ತಾನೆ. ನಾವು ಓದುವ ಇಡೀ ರಾಮಾಯಣ ಆ ಹುಡುಗರ ಬಾಯಿಂದ ಬಂದದ್ದು. ಅವರು ಆಶ್ರಮದಲ್ಲಿ ಯಾಕೆ ಹುಟ್ಟಿದರು, ಯಾರು ಸಾಕಿದರು ಎಂದು ಹೇಳುವುದು ಉತ್ತರಕಾಂಡ ಒಂದೇ. ಅದೇ ಕಾಂಡದಲ್ಲಿ ವಾಲ್ಮೀಕಿ ರಾಮನ ಸಭೆಯ ನಡುವೆ ನಿಂತು, ಸೀತೆ ಕಳಂಕಿತೆಯಾಗಿದ್ದರೆ ತನ್ನ ತಪಸ್ಸಿನ ಫಲ ತನಗೆ ಸಿಗದಿರಲಿ ಎಂದು ಆಣೆಯಿಡುತ್ತಾನೆ. ದೊರೆಯ ಮುಂದೆ ಋಷಿ ತನ್ನ ಇಡೀ ಜೀವಮಾನವನ್ನು ಪಣವಿಡುವ ಈ ಸನ್ನಿವೇಶ ರಾಮಾಯಣದಲ್ಲೇ ಬಹು ಎತ್ತರದ್ದು. ಅದನ್ನು ಬಿಟ್ಟರೆ ಕಥೆ ಪೂರ್ತಿಯಾಗುವುದಿಲ್ಲ ಎಂದವರು ಗ್ರಂಥವನ್ನು ಸರಿಯಾಗಿಯೇ ಓದಿದ್ದರು. ಓದಿದವರೆಂದು ಅವರನ್ನು ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ, ಅಷ್ಟೆ.

ಕನ್ನಡದಲ್ಲೂ ಈ ಪಕ್ಷಕ್ಕೆ ಹಳೆಯ ಬೆಂಬಲವಿದೆ. ಲಕ್ಷ್ಮೀಶ ಜೈಮಿನಿ ಭಾರತದಲ್ಲಿ ಪಾಂಡವರ ಕುದುರೆಯ ಕಥೆಯನ್ನು ನಿಲ್ಲಿಸಿ ಸೀತಾಪರಿತ್ಯಾಗವನ್ನೂ ಕುಶಲವರ ಕಾಳಗವನ್ನೂ ಹೇಳುತ್ತಾನೆ. ಗಮಕಿಗಳು ಸೀತೆ ಕಾಡಿನಲ್ಲಿ ಅಳುವ ಪದ್ಯಗಳನ್ನು ಓದುವಾಗ ಕಣ್ಣೊರೆಸಿಕೊಳ್ಳದವರು ಕಡಿಮೆ. ನಂದಳಿಕೆಯ ಮುದ್ದಣ ‘ಶ್ರೀರಾಮ ಪಟ್ಟಾಭಿಷೇಕ’ವನ್ನೂ ಬರೆದ, ಅದಕ್ಕೆ ನಿಲ್ಲದೆ ‘ಶ್ರೀರಾಮಾಶ್ವಮೇಧ’ವನ್ನೂ ಬರೆದ.

ಧಾರಾವಾಹಿಯ ಆರಂಭದ ಹೆಸರುಪಟ್ಟಿಯನ್ನು ನಿಲ್ಲಿಸಿ ಓದಿದಾಗ ಇನ್ನೊಂದು ವಿಷಯ ಕಂಡಿತು. ವಾಲ್ಮೀಕಿ, ತುಲಸೀದಾಸರ ಜೊತೆಗೆ ತಮಿಳಿನ ಕಂಬ, ಬಂಗಾಳಿಯ ಕೃತ್ತಿವಾಸ, ತೆಲುಗಿನ ರಂಗನಾಥ ರಾಮಾಯಣ, ಮರಾಠಿಯ ಭಾವಾರ್ಥ ರಾಮಾಯಣಗಳಿಗೆಲ್ಲ ಅಲ್ಲಿ ಋಣ ಸಲ್ಲಿಸಲಾಗಿದೆ. ಕನ್ನಡದ ಲೆಕ್ಕಕ್ಕೆ ಹೆಸರಿಸಿರುವುದು ‘ರಾಮಚಂದ್ರ ಚರಿತ ಪುರಾಣ’ವನ್ನು, ಅಂದರೆ ನಾಗಚಂದ್ರನ ಪಂಪರಾಮಾಯಣವನ್ನು! ಅದು ಜೈನ ಕೃತಿ. ಅಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ಜೈನ ಪರಂಪರೆಯಲ್ಲಿ ಪಟ್ಟಾಭಿಷೇಕ ಕೊನೆಯಾಗುವ ಮಾತೇ ಇಲ್ಲ: ಸೀತೆ ದೀಕ್ಷೆ ಪಡೆಯಬೇಕು, ರಾಮ ಸಂಸಾರ ತೊರೆದು ಮುಕ್ತನಾಗಬೇಕು, ಆಗಲೇ ಕಥೆ ಮುಗಿಯುವುದು. ಹೆಸರುಪಟ್ಟಿಯಲ್ಲಿ ಸೇರಿದ ಆ ಪುಸ್ತಕದ ಜಾಡು 78 ಕಂತುಗಳಲ್ಲಿ ನನಗೆಲ್ಲೂ ಕಾಣಲಿಲ್ಲ. ರೊಮಿಲಾ ಥಾಪರ್ 1989ರ ಜನವರಿಯಲ್ಲಿ ‘ಸೆಮಿನಾರ್’ ಪತ್ರಿಕೆಯಲ್ಲಿ ಎತ್ತಿದ ಆಕ್ಷೇಪವೂ ಇದಕ್ಕೆ ಹತ್ತಿರದ್ದೇ: ಸರ್ಕಾರದ ಪರದೆಯ ಮೇಲೆ ಒಂದೇ ರಾಮಾಯಣ ಬಂದಾಗ ನೂರಾರು ರಾಮಾಯಣಗಳು ಬದಿಗೆ ಸರಿಯುತ್ತವೆ.

ಮುಂದುವರಿದ ಭಾಗವನ್ನು ನೋಡುವಾಗ ಬೇಡಿದ್ದೆಷ್ಟು, ದೊರೆತದ್ದೆಷ್ಟು ಎಂಬುದು ತಿಳಿಯುತ್ತದೆ. ವಾಲ್ಮೀಕಿಗೆ ದೊಡ್ಡ ಸ್ಥಾನವೇ ಸಿಕ್ಕಿತು. ವಿಜಯ್ ಕವಿಶ್ ಆ ಪಾತ್ರ ವಹಿಸಿದರು. ಗುರುವಾಗಿ, ಕವಿಯಾಗಿ, ಸೀತೆಗೆ ತಂದೆಯ ಸ್ಥಾನದಲ್ಲಿ ನಿಂತವನಾಗಿ ಆತ ತೆರೆಯ ಮೇಲೆ ಬಹಳ ಹೊತ್ತು ಇದ್ದಾನೆ. ಆದರೆ ಪರಿತ್ಯಾಗದ ಸನ್ನಿವೇಶವನ್ನು ಸಾಗರರು ತಿದ್ದಿದರು. ವಾಲ್ಮೀಕಿಯಲ್ಲಿ ರಾಮ ತಮ್ಮಂದಿರನ್ನು ಕರೆಸಿ ಆಜ್ಞೆ ಮಾಡುತ್ತಾನೆ. ಸೀತೆಗೆ ವಿಷಯ ತಿಳಿಯುವುದು ಗಂಗೆಯಾಚೆ, ಲಕ್ಷ್ಮಣ ಅತ್ತುಕೊಂಡು ಹೇಳಿದಾಗ. ಧಾರಾವಾಹಿಯಲ್ಲಿ ಊರಿನ ಮಾತು ಸೀತೆಯ ಕಿವಿಗೇ ಬೀಳುತ್ತದೆ, ಹೊರಡುವ ನಿರ್ಧಾರ ಅವಳದೇ ಆಗುತ್ತದೆ, ರಾಮ ತಡೆಯುತ್ತಾನೆ, ಸೋಲುತ್ತಾನೆ. ಪೂಜೆಯ ಕೋಣೆಯಾಗಿಬಿಟ್ಟಿದ್ದ ಟಿವಿಯಲ್ಲಿ ಆಜ್ಞೆ ಮಾಡುವ ರಾಮನನ್ನು ತೋರಿಸುವ ಧೈರ್ಯ ಸಾಗರರಿಗೆ ಬರಲಿಲ್ಲವೆಂದು ನನ್ನ ಅಭಿಪ್ರಾಯ. ಅದರಿಂದ ವಾಲ್ಮೀಕಿಯ ಆಣೆಯ ತೂಕವೂ ಕಡಿಮೆಯಾಯಿತು. ಅನ್ಯಾಯ ಮಾಡಿದ ದೊರೆ ಎದುರಿಗಿದ್ದರೆ ಮಾತ್ರ ಆ ಸಾಕ್ಷಿಗೆ ಪೂರ್ಣ ಬೆಲೆ. ಮಾರ್ಕ್ ಟಲಿ 1991ರ ‘ನೋ ಫುಲ್ ಸ್ಟಾಪ್ಸ್ ಇನ್ ಇಂಡಿಯಾ’ ಪುಸ್ತಕದಲ್ಲಿ ಈ ಧಾರಾವಾಹಿಯ ಅಧ್ಯಾಯಕ್ಕೆ ರಾಮಾಯಣವನ್ನು ಮತ್ತೆ ಬರೆದದ್ದು ಎಂಬರ್ಥದ ಹೆಸರಿಟ್ಟಿರುವುದು ನನಗೆ ಸರಿಯಾಗಿಯೇ ಕಂಡಿತು.

ಎರಡು ಭಾಗಗಳ ನಡುವಿನ ಆ ತಿಂಗಳುಗಳಲ್ಲಿ, 1988ರ ಅಕ್ಟೋಬರ್ 2ರಂದು, ಬಿ. ಆರ್. ಚೋಪ್ರಾ ಅವರ ‘ಮಹಾಭಾರತ’ ಶುರುವಾಗಿ ಭಾನುವಾರದ ಬೆಳಗನ್ನು ತನ್ನದಾಗಿಸಿಕೊಂಡಿತು. ಬಿಡುವು ಅಷ್ಟು ಉದ್ದದ್ದು. ಈಗಿನವರಿಗೆ ಅದು ಗೊತ್ತಾಗುವ ಸಂಭವ ಕಡಿಮೆ. 2020ರ ಲಾಕ್‌ಡೌನ್‌ನಲ್ಲಿ ಮಾರ್ಚ್ 28ರಿಂದ ‘ರಾಮಾಯಣ’ ಮರುಪ್ರಸಾರವಾದಾಗ, ಏಪ್ರಿಲ್ 16ರ ಒಂದು ಕಂತನ್ನೇ 7.7 ಕೋಟಿ ಜನ ನೋಡಿದರೆಂದು ದೂರದರ್ಶನ ಹೇಳಿಕೊಂಡಿತು. ಏಪ್ರಿಲ್ 18ಕ್ಕೆ ಮುಖ್ಯ ಭಾಗ ಮುಗಿಯಿತು, 19ರಂದು ಉತ್ತರ ರಾಮಾಯಣ ಆರಂಭವಾಯಿತು. ಇಂದು ಕಂಪ್ಯೂಟರಿನಲ್ಲಿ ನೋಡುವವರಿಗೂ ಒಂದು ಕಂತಿನ ಬೆನ್ನಿಗೆ ಇನ್ನೊಂದು ಬರುತ್ತದೆ. ನಡುವೆ ಜಲಂಧರದ ಬೀದಿಗಳಿದ್ದವು ಎಂಬುದು ಹೊಸದಾಗಿ ನೋಡುವವರಿಗೆ ತಿಳಿಯಬೇಕಾದರೆ, ಈಗಲೂ ಅದನ್ನು ಯಾರಾದರೂ ಬಾಯಿಬಿಟ್ಟು ಹೇಳಬೇಕು.