ಕೈ ಕಲಿತ ಕೆಲಸಕ್ಕೆ ಕಾಗದ ಎಲ್ಲಿ?

ವಾರದ ಒಂದೇ ರಜೆಯನ್ನು ಬಿಟ್ಟುಕೊಟ್ಟು ಕೊಲ್ಲಿ ನಾಡಿನ ಬೇರೆ ಬೇರೆ ಊರುಗಳಿಂದ ಬಂದಿರುವ ಕನ್ನಡ ಬಂಧುಗಳೇ,

ಸೌರಶಕ್ತಿ ಮತ್ತು ವಿದ್ಯುತ್ ಕೆಲಸದ ತರಬೇತಿಯ ಬಗ್ಗೆ ಆಶಯ ಭಾಷಣ ಮಾಡಲು ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಯಾಕೆ ಎಂದು ನಿಮಗೆ ಅನಿಸಿರಬಹುದು. ನನಗೂ ಅನಿಸಿತು. ಮನೆಯಲ್ಲಿ ಫ್ಯೂಸ್ ಹೋದರೆ ನಾನು ನಿಮ್ಮಲ್ಲೇ ಯಾರಿಗಾದರೂ ಫೋನ್ ಮಾಡುವವನು. ಆದರೆ ಹಲವು ವರ್ಷಗಳಿಂದ ಇಲ್ಲಿನ ಗುತ್ತಿಗೆ ಕಂಪನಿಗಳ ಸಂಬಳದ ಪಟ್ಟಿ ನೋಡುತ್ತಾ ಬಂದಿದ್ದೇನೆ. ಒಂದೇ ಏಣಿ ಹತ್ತಿ, ಒಂದೇ ಬೋರ್ಡಿಗೆ ವೈರ್ ಜೋಡಿಸುವ ಇಬ್ಬರಲ್ಲಿ ಒಬ್ಬರ ಹೆಸರಿನ ಮುಂದೆ ಎಲೆಕ್ಟ್ರಿಷಿಯನ್ ಎಂದೂ ಇನ್ನೊಬ್ಬರ ಮುಂದೆ ಹೆಲ್ಪರ್ ಎಂದೂ ಇರುತ್ತದೆ. ಸಂಬಳವೂ ಹಾಗೆಯೇ. ಇಬ್ಬರ ಕೈಯಲ್ಲಿ ವ್ಯತ್ಯಾಸ ಕಾಣದು, ಕಾಗದದಲ್ಲಿ ಮಾತ್ರ ಕಾಣುತ್ತದೆ. ಇದಕ್ಕೆ ನಮ್ಮ ನಾಡಿನಲ್ಲೇ ಒಂದು ಹಳೆಯ ಚರಿತ್ರೆಯಿದೆ.

1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಹರಿಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಯೋಜನೆ ಅದು. ಟರ್ಬೈನ್ ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯದು, ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. 1905ರ ಆಗಸ್ಟ್ 5ರಂದು ಬೆಂಗಳೂರಿಗೂ ದೀಪ ಬಂತು. ದಿವಾನರ ಹೆಸರನ್ನೂ ಕಂಪನಿಗಳ ಹೆಸರನ್ನೂ ನಾವು ಶಾಲೆಯಲ್ಲಿ ಓದಿದ್ದೇವೆ. ಅಷ್ಟು ದೂರ ಕಂಬ ನೆಟ್ಟು ತಂತಿ ಎಳೆದವರ ಹೆಸರನ್ನು ಓದಿಲ್ಲ.

ಎಂಜಿನಿಯರುಗಳಿಗೆ ಶಾಲೆ ಬೇಗ ಸಿಕ್ಕಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1911ರಲ್ಲಿ ಶುರುವಾದ ಮೊದಲ ವಿಭಾಗಗಳಲ್ಲೇ ವಿದ್ಯುತ್ ವಿಭಾಗವೂ ಒಂದು. ಕೈಯಲ್ಲಿ ಕಟಿಂಗ್ ಪ್ಲೇಯರ್ ಹಿಡಿಯುವವರು ಮಾತ್ರ ಬಹಳ ಕಾಲ ಕಾಯಬೇಕಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ 1943ರಲ್ಲಿ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ ಹುಟ್ಟಿತು. ಇಂದಿನ ಎಸ್.ಜೆ. ಪಾಲಿಟೆಕ್ನಿಕ್ ಅದೇ. ಭದ್ರಾವತಿ ಕಾರ್ಖಾನೆಯಿಂದ ತಮಗೆ ಬರಬೇಕಿದ್ದ ಸಂಭಾವನೆಯನ್ನು ಅವರು ಇದಕ್ಕಾಗಿ ಬಿಟ್ಟುಕೊಟ್ಟರು. ಸ್ವಾತಂತ್ರ್ಯದ ನಂತರ, 1950ರಲ್ಲಿ, ಕೇಂದ್ರದ ಕುಶಲಕರ್ಮಿ ತರಬೇತಿ ಯೋಜನೆ ಬಂತು. ನಾವೆಲ್ಲ ಐಟಿಐ ಎನ್ನುವುದು ಅದನ್ನೇ. 1961ರ ಅಪ್ರೆಂಟಿಸ್ ಕಾಯ್ದೆ ಕಾರ್ಖಾನೆಯೊಳಗೆ ಕಲಿಯುವುದಕ್ಕೂ ಕಾನೂನಿನ ಬಲ ಕೊಟ್ಟಿತು.

ಐಟಿಐ ಮೆಟ್ಟಿಲು ಹತ್ತಲಾಗದವರಿಗೆ ಬೇರೆ ದಾರಿ ಬೇಕಿತ್ತು. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಸೇರಿ ರುಡ್‌ಸೆಟ್ ಸಂಸ್ಥೆ ಕಟ್ಟಿದವು. ಊಟ, ವಸತಿ ಕೊಟ್ಟು, ಕೆಲವೇ ವಾರಗಳಲ್ಲಿ ಕೈಯಿಂದಲೇ ಕೆಲಸ ಕಲಿಸುವ ಪದ್ಧತಿ ಅದು. ಮುಂದೆ ಕೇಂದ್ರ ಸರ್ಕಾರ ಅದೇ ಮಾದರಿಯನ್ನು ದೇಶದ ಜಿಲ್ಲೆ ಜಿಲ್ಲೆಗೂ ಒಯ್ದಿತು. 1995ರಲ್ಲಿ ಹರೀಶ್ ಹಂದೆಯವರು ಬೆಂಗಳೂರಿನಲ್ಲಿ ಶುರುಮಾಡಿದ ಸೆಲ್ಕೋ ಹಳ್ಳಿಮನೆಗಳಿಗೆ ಸೌರದೀಪ ಒಯ್ದಾಗ, ದೀಪದ ಜೊತೆಗೆ ಅದನ್ನು ರಿಪೇರಿ ಮಾಡುವವರೂ ಹತ್ತಿರದಲ್ಲೇ ಇರಬೇಕೆಂದು ತೋರಿಸಿಕೊಟ್ಟಿತು. 2015ರಲ್ಲಿ ಬಂದ ಸೂರ್ಯಮಿತ್ರ ಯೋಜನೆ 600 ಗಂಟೆಗಳ ತರಬೇತಿ ಇಟ್ಟಿತು.

ಸೌರ ಕೆಲಸಕ್ಕೆ ಬೇರೆ ತರಬೇತಿ ಏಕೆ ಬೇಕು ಎನ್ನುವುದನ್ನು ನನಗೆ ಕಲಿಸಿದವರು ನಿಮ್ಮಂಥವರೇ. ಮೈನ್ ಸ್ವಿಚ್ ಆರಿಸಿದರೆ ಮನೆಯ ವೈರಿನಲ್ಲಿ ಕರೆಂಟ್ ಇರದು. ಬಿಸಿಲಿರುವಷ್ಟು ಹೊತ್ತು ಫಲಕದಿಂದ ಬರುವ ವೈರಿನಲ್ಲಿ ಮಾತ್ರ ಇದ್ದೇ ಇರುತ್ತದೆ. ಸಾಲಾಗಿ ಜೋಡಿಸಿದ ಫಲಕಗಳು ನೂರಾರು ವೋಲ್ಟ್ ಡಿಸಿ ಕೊಡುತ್ತವೆ. ಕನೆಕ್ಟರ್ ಸರಿಯಾಗಿ ಒತ್ತದಿದ್ದರೆ ಅಲ್ಲೇ ಕಿಡಿ, ಅಲ್ಲೇ ಬೆಂಕಿ. ಪುಸ್ತಕ ಓದಿದರೆ ಇದು ಗೊತ್ತಾಗುತ್ತದೆ, ಕೈಗೆ ಬರುವುದಿಲ್ಲ.

ತರಬೇತಿ ಸಿಗದಿದ್ದರೆ ಏನಾಗುತ್ತದೆ? ಪಾವಗಡ ನೋಡಿ. ಐದು ಊರುಗಳ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೌರ ಪಾರ್ಕ್ ಎದ್ದಿದೆ. ಅಲ್ಲಿ ಸ್ಥಳೀಯರಿಗೆ ಸಿಕ್ಕ ಕೆಲಸ ಹೆಚ್ಚಾಗಿ ಹುಲ್ಲು ತೆಗೆಯುವುದು, ಫಲಕ ತೊಳೆಯುವುದು, ಕಾವಲು ಕಾಯುವುದು.

ಈಗ ನನ್ನ ತಪ್ಪಿನ ಮಾತು. ಕೆಲವು ವರ್ಷಗಳ ಹಿಂದೆ ಇಲ್ಲಿನ ಒಂದು ಕಂಪನಿಗೆ ಖರ್ಚು ತಗ್ಗಿಸುವ ವರದಿ ಬರೆದುಕೊಟ್ಟೆ. ಅವರಲ್ಲಿ ಒಂದು ಪುಟ್ಟ ಕೋಣೆಯಿತ್ತು. ಹಳೆಯ ಬೋರ್ಡು, ಒಂದು ಇನ್ವರ್ಟರು, ನಾಲ್ಕು ಫಲಕ ಇಟ್ಟುಕೊಂಡು ಫೋರ್‌ಮನ್ ಒಬ್ಬರು ಹುಡುಗರಿಗೆ ಕಲಿಸುತ್ತಿದ್ದರು. ಅದನ್ನು ನಾನು ಕೈಬಿಡಬಹುದಾದ ವೆಚ್ಚ ಎಂದು ಬರೆದೆ. ಕೋಣೆ ಗೋಡೌನ್ ಆಯಿತು. ಮರುವರ್ಷ ಚಾವಣಿ ಸೌರ ಕೆಲಸ ಬಂದಾಗ ಹೊರಗಿನ ತಂಡ ಕರೆಸಿದರು. ಹನ್ನೆರಡು ವರ್ಷ ವೈರಿಂಗ್ ಮಾಡಿದ್ದ ನಮ್ಮ ತಾಲ್ಲೂಕಿನವರೊಬ್ಬರು ಫಲಕ ಹೊತ್ತು ಮೆಟ್ಟಿಲು ಹತ್ತುತ್ತಿದ್ದರು. “ಆ ರೂಮ್ ಇದ್ದಿದ್ರೆ ನಾನೂ ಕಲೀತಿದ್ದೆ ಸಾರ್” ಎಂದರು. ಮುಚ್ಚಿಸಿದವನು ನಾನೇ ಎಂದು ಅವರಿಗೆ ಗೊತ್ತಿರಲಿಲ್ಲ. ಅಂದು ನಾನು ಹೇಳಲೂ ಇಲ್ಲ.

ನಾನು ಬರೆದದ್ದು ಲೆಕ್ಕದ ನಿಯಮಕ್ಕೆ ವಿರುದ್ಧವೇನಲ್ಲ. ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ 38ರ ಪ್ರಕಾರ ತರಬೇತಿಗೆ ಹಾಕಿದ ಹಣ ವೆಚ್ಚ, ಆಸ್ತಿಯಲ್ಲ. ಕಲಿತವನು ನಾಳೆ ಕೆಲಸ ಬಿಟ್ಟು ಹೋಗಬಹುದು, ಆ ವಿದ್ಯೆ ಕಂಪನಿಯ ಹಿಡಿತದಲ್ಲಿಲ್ಲ ಎಂಬುದು ಅದರ ಹಿಂದಿನ ತರ್ಕ. ಹಾಗಾದರೆ ಆ ಆಸ್ತಿ ಯಾರದು? ನಿಮ್ಮದು. ಅದರ ಲೆಕ್ಕವನ್ನು ನೀವೇ ಇಡಬೇಕು.

ನಾನೂ ಮೂರು ವರ್ಷ ಆರ್ಟಿಕಲ್‌ಶಿಪ್ ಮಾಡಿ, ಹಿರಿಯರ ಪಕ್ಕ ಕೂತು ಕೆಲಸ ಕಲಿತವನು. ಪ್ರತಿ ದಿನದ ಕೆಲಸವನ್ನು ಡೈರಿಯಲ್ಲಿ ಬರೆದು ಸಹಿ ಹಾಕಿಸುತ್ತಿದ್ದೆ. ನೀವೂ ಒಂದು ನೋಟ್‌ಬುಕ್ ಇಡಿ. ತಾರೀಕು, ಸೈಟು, ಮಾಡಿದ ಕೆಲಸ, ಎಷ್ಟು ವೋಲ್ಟ್, ಎಷ್ಟು ಗಂಟೆ. ಕೆಳಗೆ ಫೋರ್‌ಮನ್ ಸಹಿ. ಊರಿಗೆ ಹೋದಾಗ, ಮೊದಲೇ ಕಲಿತ ಕೆಲಸವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಕೌಶಲ ವಿಕಾಸ ಯೋಜನೆಯಲ್ಲಿದೆ, ವಿಚಾರಿಸಿ. ನೋಟ್‌ಬುಕ್ಕೇ ಪ್ರಮಾಣಪತ್ರವಲ್ಲ, ಆದರೆ ಪರೀಕ್ಷೆ ಮಾಡುವವರ ಮುಂದೆ ಬರಿಗೈಯಲ್ಲಿ ನಿಲ್ಲುವ ಕಷ್ಟ ತಪ್ಪುತ್ತದೆ.

ಸಂಘದ ಗೆಳೆಯರಲ್ಲಿ ಒಂದು ಮನವಿ. ತಿಂಗಳಿಗೆ ಒಂದು ರಜೆಯ ದಿನ ನಮಗೊಂದು ಕೋಣೆ ಕೊಡಿ. ಹಳೆಯ ಇನ್ವರ್ಟರನ್ನು, ನಾಲ್ಕು ಫಲಕಗಳನ್ನು ನಾನು ತರುತ್ತೇನೆ. ಕಲಿಸಬಲ್ಲವರು ಈ ಸಭೆಯಲ್ಲೇ ಇದ್ದಾರೆ. ಈ ಖರ್ಚನ್ನು ಯಾವ ಖಾತೆಗೆ ಹಾಕಬೇಕೆಂದು ಈ ಸಲ ನನಗೆ ಗೊತ್ತು.