ದುಃಖ ಎಂದರೆ ಬಡವ

1989ರಲ್ಲಿ ಫಿಲಿಪೀನ್ಸಿನ ಲಗೂನಾ ಪ್ರಾಂತದಲ್ಲಿ, ಮನಿಲಾದಿಂದ ತುಸು ದೂರದಲ್ಲಿ, ತೆಳ್ಳನೆಯ ತಾಮ್ರಪಟವೊಂದು ಸಿಕ್ಕಿತು. ‘ಸ್ವಸ್ತಿ’ ಎಂದು ಶುರುವಾಗಿ ಶಕವರ್ಷ 822, ಅಂದರೆ ಕ್ರಿ.ಶ. 900, ಎಂದು ಕಾಲ ಹೇಳುವ ಅದರ ಒಕ್ಕಣೆ ಕನ್ನಡ ಶಾಸನ ಓದಿದವರಿಗೆ ಹೊಸದೇನಲ್ಲ. ಭಾಷೆ ಹಳೆಯ ಮಲಯ, ನಡುನಡುವೆ ಸಂಸ್ಕೃತ. ವಿಷಯ ಮಾತ್ರ ದಾನವೂ ಅಲ್ಲ, ಯುದ್ಧವೂ ಅಲ್ಲ. ಒಂದು ಮನೆತನದ ಚಿನ್ನದ ಸಾಲ ತೀರಿತೆಂಬ ಪತ್ರ.

ಟಗಾಲೊಗ್ ಭಾಷೆಗೆ ಸಂಸ್ಕೃತದ ಮಾತುಗಳು ಬಂದದ್ದು ಹೆಚ್ಚಾಗಿ ಇಂಥ ವ್ಯವಹಾರದ ದಾರಿಯಲ್ಲೇ, ಮಲಯದ ಮೂಲಕ. ಗುರು ಅಲ್ಲಿ ‘ಗುರೋ’. ಬೆಲೆ ಎಂಬ ಅರ್ಥದ ‘ಅರ್ಘ’ ಮಲಯದಲ್ಲಿ ‘ಹರ್ಗ’ ಆಗಿ, ಇಲ್ಲಿ ‘ಹಲಗಾ’ ಆಯಿತು. ಟಗಾಲೊಗಿನಲ್ಲಿ ಗುಣ ಹೇಳಲು ಹೆಸರಿನ ಹಿಂದೆ ‘ಮ’ ಸೇರಿಸಿದರೆ ಬಹುಮಟ್ಟಿಗೆ ಸಾಕು: ‘ಗಂದಾ’ ಚೆಲುವು, ‘ಮಗಂದಾ’ ಚೆಲುವಾದ. ಹಾಗೆಯೇ ‘ಮಹಲಗಾ’ ಎಂದರೆ ಬೆಲೆಯುಳ್ಳದ್ದು, ಮುಖ್ಯವಾದದ್ದು. ನಾವು ಅನರ್ಘ್ಯ ಎನ್ನುವಾಗಲೂ ಬಳಸುವುದು ಅದೇ ಬೇರನ್ನು.

ದುಃಖದ ಕತೆ ಬೇರೆ. ಅಲ್ಲಿ ‘ದುಖಾ’ ಎಂದರೆ ಬಡವ, ಗತಿಯಿಲ್ಲದವ. ಬೈಬಲಿನ ಟಗಾಲೊಗ್ ಅನುವಾದದಲ್ಲಿ ದೇವರ ರಾಜ್ಯ ದೊರೆಯುವುದೂ ‘ದುಖಾ’ಗಳಿಗೇ. ಅರ್ಥ ದಾರಿ ತಪ್ಪಿತೇ? ಹಾಗೆನ್ನಲಾಗದು. ದಿನಬಳಕೆಯ ‘ಮಹಿರಪ್’ ಎಂಬ ಅಪ್ಪಟ ದೇಶೀ ಮಾತಿಗೂ ಎರಡರ್ಥ: ಕಷ್ಟವಾದದ್ದು, ಬಡವ. ‘ಅವರು ಸ್ವಲ್ಪ ಕಷ್ಟದಲ್ಲಿದ್ದಾರೆ’ ಎಂದರೆ ಕೈಯಲ್ಲಿ ಕಾಸಿಲ್ಲವೆಂದು ಕನ್ನಡಿಗರಿಗೂ ತಿಳಿಯುತ್ತದಲ್ಲ.

1571ರಲ್ಲಿ ಸ್ಪೇನಿನವರು ಮನಿಲಾ ಹಿಡಿದರು. ಪಾಪನಿವೇದನೆ ಕೇಳಬೇಕಾದ ಪಾದ್ರಿಗಳಿಗೆ ಜನರ ಭಾಷೆ ಬೇಕಿತ್ತು. 1613ರಲ್ಲಿ ಲಗೂನಾದ ಪೀಲಾ ಊರಿನಲ್ಲೇ ಟಗಾಲೊಗ್ ನಿಘಂಟು ಅಚ್ಚಾಯಿತು. ಮಾತುಗಳು ಎದುರು ದಿಕ್ಕಿನಲ್ಲೂ ಹರಿದವು. ಟಗಾಲೊಗಿನಲ್ಲಿ ಅವನೂ ‘ಸಿಯಾ’, ಅವಳೂ ‘ಸಿಯಾ’. ಆದರೂ ಚೆಲುವನಿಗೆ ‘ಗುವಾಪೊ’, ಚೆಲುವೆಗೆ ‘ಗುವಾಪಾ’ ಎಂದು ಸ್ಪ್ಯಾನಿಷ್ ಲಿಂಗಭೇದ ಒಳಬಂತು. ಕಾಡುಜನ ಎನ್ನಲು ಸ್ಪ್ಯಾನಿಷ್‌ನಲ್ಲಿದ್ದ ‘ಸಲ್ವಾಹೆ’ ಇಂದು ‘ಸಲ್ಬಾಹೆ’ಯಾಗಿ ತುಂಟ ಮಕ್ಕಳನ್ನು ಗದರುವುದಕ್ಕೂ ಒದಗುತ್ತದೆ.

ಇವೆಲ್ಲಕ್ಕಿಂತ ಸ್ವಾರಸ್ಯವಾದದ್ದು ‘ಸೆಗೂರೊ’. ಸ್ಪ್ಯಾನಿಷ್‌ನಲ್ಲಿ ಅದರರ್ಥ ಖಂಡಿತ. ಟಗಾಲೊಗಿನವರ ಬಾಯಲ್ಲಿ ಅದು ‘ಸಿಗೂರೊ’, ಅಂದರೆ ಬಹುಶಃ. ಖಂಡಿತ ಎನ್ನಲೇಬೇಕಾದಾಗ ಮತ್ತೆ ಸ್ಪ್ಯಾನಿಷ್‌ನಿಂದಲೇ ‘ಸಿಗುರಾದೊ’ ತರಬೇಕಾಯಿತು.